ಹಿಮಕ್ಕೆಂದು ಕಟ್ಟಿದ ಚೀಲ

ಪಟ್ಟಿ ಬಂದದ್ದು ಫೆಬ್ರವರಿಯ ಕೊನೆಯ ವಾರದಲ್ಲಿ. ಹೊಸನಗರದ ನಮ್ಮ ಶಾಲೆಯ ಹೆಡ್‌ಮಾಸ್ತರರು ಉದ್ದನೆಯ ಕಂದು ಲಕೋಟೆಯನ್ನು ನನ್ನ ಕೈಗಿಟ್ಟು, "ನಿಮಗೆ ಸೀಟು ಸಿಕ್ಕಿದೆಯಂತೆ ಟೀಚರ್" ಎಂದರು. ಸಂತೋಷಪಡಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಕನ್ನಡಕ ತೆಗೆದು ಒರೆಸಿಕೊಂಡರು.

ಹಿಂದಿನ ವರ್ಷ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಹಿಮಾಲಯದಲ್ಲಿ ಹೆಂಗಸರಿಗೆ ಪರ್ವತ ಹತ್ತುವ ತರಬೇತಿ, ಮೇ ತಿಂಗಳಿಡೀ. ಇಷ್ಟವಿದ್ದ ಶಿಕ್ಷಕಿಯರು ಅರ್ಜಿ ಹಾಕಬಹುದು. ಒಂದು ಮಧ್ಯಾಹ್ನ ಮಕ್ಕಳು ಮಗ್ಗಿ ಬರೆಯುತ್ತಿದ್ದಾಗ ನಾನು ಆ ಸುತ್ತೋಲೆಯ ಹಿಂಬದಿಯಲ್ಲೇ ಅರ್ಜಿಯ ಕರಡು ಬರೆದೆ. ಯಾಕೆ ಬರೆದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಕಿಟಕಿಯಾಚೆ ಬಿಸಿಲು ಕುಣಿಯುತ್ತಿತ್ತು. ಎಲ್ಲೋ ಒಂದು ಕಡೆ, ಅದೇ ಹೊತ್ತಿನಲ್ಲಿ, ಎಲ್ಲವೂ ಬೆಳ್ಳಗೆ ತಣ್ಣಗೆ ಸದ್ದಿಲ್ಲದೆ ಇರುತ್ತದೆ ಎಂಬ ಯೋಚನೆ ಬಂತು. ಅಷ್ಟೇ. ಅಂಚೆಗೆ ಹಾಕಿ ಮರೆತೂಬಿಟ್ಟೆ.

ಆಗ ನನಗೆ ಇಪ್ಪತ್ನಾಲ್ಕು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಚಿಕ್ಕಮ್ಮ. ನಮ್ಮವರು ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು; ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ನನ್ನನ್ನು ಓದಿಸಿದಳು. ನನಗೆ ನೌಕರಿ ಸಿಕ್ಕಿದಾಗ ತನ್ನ ಒಂದು ಟ್ರಂಕು, ಒಂದು ಕಂಬಳಿ ಹೊತ್ತುಕೊಂಡು ಹೊಸನಗರಕ್ಕೆ ಬಂದು ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದುಬಿಟ್ಟಳು.

ಸಂಜೆ ಜಗಲಿಯಲ್ಲಿ ಕೂತು ಲಕೋಟೆಯಲ್ಲಿದ್ದ ಸಾಮಾನಿನ ಇಂಗ್ಲಿಷ್ ಪಟ್ಟಿಯನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಹಗ್ಗ, ಗುಡಾರ, ಮಲಗುವ ಚೀಲ ಅವರೇ ಕೊಡುತ್ತಾರೆ. ಉಣ್ಣೆಯ ಸ್ವೆಟರ್ ಎರಡು, ಉಣ್ಣೆಯ ಕಾಲುಚೀಲ ನಾಲ್ಕು ಜೊತೆ, ದಪ್ಪ ಪ್ಯಾಂಟು ಎರಡು, ಬೂಟು, ಕೈಗವಸು, ಕಿವಿ ಮುಚ್ಚುವ ಟೋಪಿ, ಕಪ್ಪು ಕನ್ನಡಕ, ಗಾಳಿ ತಡೆಯುವ ಕೋಟು ನಾವೇ ತರಬೇಕು.

"ಪ್ಯಾಂಟು ಯಾರಿಗೆ?" ಎಂದಳು ಚಿಕ್ಕಮ್ಮ.

"ನಂಗೇ."

"ಈ ಹಿಮ ಅಂದ್ರೆ ಎಂತದೇ? ನಮ್ಮ ಇಬ್ಬನಿ ಥರವಾ?" ಎಂದು ಅವಳು ಕೇಳಿದಳು.

ನಾನೂ ನೋಡಿರಲಿಲ್ಲ. "ಇಬ್ಬನಿ ಬಿದ್ದು, ಹೋಗದೇ ಅಲ್ಲೇ ಉಳಿದ್ರೆ ಹೆಂಗೋ ಹಂಗೆ" ಎಂದೆ.

"ಹಂಗಾದ್ರೆ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕ್ಕೊಂಡು ಹೋಗು. ಕೋಟು ಗೀಟು ಎಂತಕ್ಕೆ?" ಎಂದಳು. ಬೇಡ ಎನ್ನಲಿಲ್ಲ. ಹೋಗಬೇಡ ಎಂಬ ಮಾತು ಅವಳ ಬಾಯಿಂದ ಬರುತ್ತದೆಂದು ಒಂದು ವಾರ ಕಾದೆ. ಬರಲೇ ಇಲ್ಲ.

ಮೊದಲು ಶುರುವಾದದ್ದು ಸ್ವೆಟರ್. ಎರಡು ವರ್ಷದ ಹಿಂದೆ ಗಡಿಯಲ್ಲಿ ಯುದ್ಧವಾದಾಗ ಜವಾನರಿಗೆಂದು ಶಾಲೆಯಲ್ಲಿ ನಾವೆಲ್ಲ ಸ್ವೆಟರ್ ಹೆಣೆದಿದ್ದೆವು. ಹೆಣಿಗೆಯ ಕಡ್ಡಿಗಳು ಬೀರುವಿನಲ್ಲಿ ಹಾಗೇ ಇದ್ದವು. ಬೂದು ಬಣ್ಣದ ಉಣ್ಣೆ ತರಿಸಿ ಮಾರ್ಚ್ ಇಡೀ ಹೆಣೆದೆ. ಆ ಸೆಕೆಯಲ್ಲಿ ತೊಡೆಯ ಮೇಲೆ ಉಣ್ಣೆ ಹರಡಿಕೊಂಡು ಕೂತರೆ ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಆದರೂ ಕಡ್ಡಿ ಆಡುತ್ತಾ ಆಡುತ್ತಾ ನನಗೆ ಚಳಿಯಾಗುತ್ತಿತ್ತು, ನಿಜವಾಗಿಯೂ. ಸಾಲು ಎಣಿಸುವುದು ತಪ್ಪಿಹೋಗುತ್ತಿತ್ತು. ಕಣ್ಣೆದುರು ಒಂದು ಬಿಳಿ ಇಳಿಜಾರು, ಅದರ ಮೇಲೆ ನನ್ನದೇ ಎರಡು ಹೆಜ್ಜೆ. ಚಿಕ್ಕಮ್ಮ ಬಂದು, "ಎರಡು ಸ್ವೆಟರಿಗೆ ತೋಳು ಐದನೇದು ಹೆಣೀತಿದ್ಯಲ್ಲೇ" ಎಂದಾಗಲೇ ಎಚ್ಚರ. ಐದನೆಯ ತೋಳನ್ನು ಬಿಚ್ಚಿ ಕಾಲುಚೀಲ ಮಾಡಿದೆ.

ಪ್ಯಾಂಟಿಗೆ ಸಾಗರಕ್ಕೆ ಹೋದೆವು. ಹೊಸನಗರದಲ್ಲಿ ಹೊಲಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಚಿಕ್ಕಮ್ಮನೇ ತೀರ್ಮಾನಿಸಿದ್ದಳು. ಆ ಬಸ್ಸನ್ನು ನಾನು ಮರೆಯಲಾರೆ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗುವ ಊರುಗಳವರು ಮನೆ ಬಿಟ್ಟು ಹೊರಟಿದ್ದರು. ಬಸ್ಸಿನ ನೆತ್ತಿಯ ಮೇಲೆ ಒನಕೆ, ಹಂಡೆ, ಬಾಗಿಲಿನ ದಾರಂದ. ಒಳಗೆ ಕಾಲಿಡಲು ಜಾಗವಿಲ್ಲದಂತೆ ಗಂಟುಗಳು. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಮಣ್ಣಿನ ಸಮೇತ ಒಂದು ತುಳಸಿ ಗಿಡ ಇಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಅದರ ಬುಡಕ್ಕೆ ಕೈ ಅಡ್ಡ ಕೊಡುತ್ತಿದ್ದಳು.

"ನೀವು ಎಲ್ಲಿಗೆ ಹೊರಟದ್ದು?" ಎಂದು ಅವಳು ಕೇಳಿದಳು.

"ಸಾಗರಕ್ಕೆ. ಬಟ್ಟೆ ಹೊಲಿಸಕ್ಕೆ."

"ಮದ್ವೆಯಾ?"

ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಮ್ಮ, "ಅಲ್ಲ, ದೊಡ್ಡ ಗುಡ್ಡ ಹತ್ತಾಕೆ ಹೋಗ್ತಾಳೆ" ಎಂದುಬಿಟ್ಟಳು. ಆ ಹೆಂಗಸು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹೋಗಿ ಬನ್ನಿ. ಅಲ್ಲಿಗೆ ನೀರು ಬರಾದಿಲ್ಲ" ಎಂದಳು. ನಗೆಯಾಡಿದಳೋ ಹರಸಿದಳೋ ಗೊತ್ತಾಗಲಿಲ್ಲ. ಇಡೀ ಮನೆ ಕಟ್ಟಿಕೊಂಡು ಹೊರಟವರ ನಡುವೆ ಎರಡು ಪ್ಯಾಂಟಿನ ಬಟ್ಟೆ ಹಿಡಿದು ಕೂತಿದ್ದ ನನಗೆ ನಾಚಿಕೆಯಾಯಿತು.

ಸಾಗರದ ಟೈಲರು ವಯಸ್ಸಾದವರು. ಬಾಯಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಹೆಂಗಸಿಗೆ ಪ್ಯಾಂಟಿನ ಅಳತೆ ಅವರು ಜನ್ಮದಲ್ಲಿ ತೆಗೆದಿರಲಿಲ್ಲ. ಕೊನೆಗೆ ಅಂಗಡಿಯ ಪರದೆಯ ಆಚೆ ಅವರು, ಈಚೆ ನಾವು. ಅವರು ಅಲ್ಲಿಂದ "ಸೊಂಟ" ಎಂದು ಕೂಗುವುದು, ಚಿಕ್ಕಮ್ಮ ಟೇಪು ಸುತ್ತಿ ಹಿಡಿಯುವುದು, ನಾನು ಬಗ್ಗಿ ನೋಡಿ ಅಂಕಿ ಹೇಳುವುದು. "ಮಂಡಿ" ಎಂದಾಗ ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಆಚೆಯಿಂದ ಟೈಲರೂ ನಕ್ಕರು. ಒಳಗಡೆ ಫ್ಲಾನೆಲ್ ಕೊಟ್ಟು, ಮಂಡಿಗೆ ಎರಡು ಪದರ ಹಾಕಿ, ಒಂದು ಹೊಲಿಗೆಯೂ ಬಿಡದ ಹಾಗೆ ಖಾಕಿ ಪ್ಯಾಂಟು ಹೊಲಿದುಕೊಟ್ಟರು.

"ಗಾಳಿಕೋಟು ಮಾತ್ರ ನನ್ನ ಕೈಲಾಗ್ದು ಅಮ್ಮ. ಆ ಬಟ್ಟೆ ಇಲ್ಲೆಲ್ಲೂ ಸಿಗಾದಿಲ್ಲ" ಎಂದರು ಅವರು. "ನಿಟ್ಟೂರಲ್ಲಿ ಮಿಲಿಟ್ರಿಯಿಂದ ಬಂದೋರು ಒಬ್ರು ಚಾದಂಗಡಿ ಇಟ್ಟಿದಾರಲ್ಲ, ಅವ್ರ ಹತ್ರ ಇರ್ಬಹುದು ನೋಡಿ."

ಚಿಕ್ಕಮ್ಮ ಟೇಪನ್ನು ಸುತ್ತಿ ಸುತ್ತಿ ಸಣ್ಣ ಉಂಡೆ ಮಾಡಿ ಮೇಜಿನ ಮೇಲಿಟ್ಟಳು. ನಾನು ಬೀದಿಯ ಕಡೆ ನೋಡಿದೆ.

ಆ ಮನುಷ್ಯನನ್ನು ನಾನು ನೋಡಿರಲಿಲ್ಲ, ಆದರೆ ಬಲ್ಲೆ. ಯುದ್ಧಕ್ಕೆ ಮುಂಚೆ ನನಗೆ ಬಂದ ಒಂದೇ ಒಂದು ಒಳ್ಳೆಯ ಸಂಬಂಧ ಅದು. ಹುಡುಗ ಸೈನ್ಯದಲ್ಲಿದ್ದ, ರಜೆಯಲ್ಲಿ ಬಂದಾಗ ಹೆಣ್ಣು ನೋಡುವುದೆಂದು ಮಾತಾಗಿತ್ತು. ರಜೆ ಬರಲಿಲ್ಲ, ಯುದ್ಧ ಬಂತು. ಅವರು ತಿರುಗಿ ಬಂದಾಗ ಎಡಗಾಲಿನ ಬೆರಳುಗಳು ಹಿಮಕ್ಕೆ ಹೋಗಿದ್ದವು. ಚಿಕ್ಕಮ್ಮ ಆ ಮಾತನ್ನು ಮತ್ತೆ ಎತ್ತಲಿಲ್ಲ, ಒಂದು ಹೇಳಿಕೆಯನ್ನೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ. ಹೀಗೆ ಇಬ್ಬರೂ ಸೇರಿ ಒಬ್ಬ ಮನುಷ್ಯನನ್ನು ಸುಮ್ಮನೆ ಬಿಟ್ಟುಬಿಟ್ಟಿದ್ದೆವು.

ಬೂಟು ತೀರ್ಥಹಳ್ಳಿಯಲ್ಲಿ ಸಿಕ್ಕಿತು. ಗಂಡಸರ ಬೂಟುಗಳಲ್ಲೇ ಎಲ್ಲಕ್ಕಿಂತ ಚಿಕ್ಕದು. ಆದರೂ ನನ್ನ ಕಾಲು ಅದರೊಳಗೆ ಜಾರುತ್ತಿತ್ತು. ಪೇಟೆಯ ಚಮ್ಮಾರರು ಅಟ್ಟೆಗೆ ಮೊಳೆ ಹೊಡೆದು, "ಹಾಕ್ಕೊಂಡು ನಡೀಬೇಕು, ಆವಾಗ ಪಳಗ್ತದೆ" ಎಂದರು. ಏಪ್ರಿಲ್ ನಡುವೆ ರಜೆ ಶುರುವಾದ ಕೂಡಲೇ, ನಡೆದು ನೋಡೋಣವೆಂದು ಕೊಡಚಾದ್ರಿಗೆ ಹೊರಟೆ. ಒಬ್ಬಳೇ ಹೋಗುವುದು ಬೇಡವೆಂದು ಚಿಕ್ಕಮ್ಮ ಜೊತೆಗೆ ಬಂದಳು. ಗುಡ್ಡದ ಬುಡದಲ್ಲಿದ್ದ ನೆಂಟರ ಮನೆಯಲ್ಲಿ ಉಳಿದು, ಮರುದಿನ ಬೆಳಕು ಹರಿಯುವ ಹೊತ್ತಿಗೆ ಏರತೊಡಗಿದೆವು.

ನನ್ನ ಬೆನ್ನಿಗೆ ಪಟ್ಟಿಯ ಸಾಮಾನೆಲ್ಲ, ಅದರ ಜೊತೆ ನನಗೆ ಬೇಕೆನಿಸಿದ್ದೂ ತುಂಬಿದ ಒಂದು ಗೋಣಿಚೀಲ, ಹಗ್ಗ ಹಾಕಿ ಕಟ್ಟಿದ್ದು. ಕಾಲಿಗೆ ಮೊಳೆ ಹೊಡೆದ ಬೂಟು. ಚಿಕ್ಕಮ್ಮನಿಗೆ ಐವತ್ತು ದಾಟಿತ್ತು. ಬರಿಗಾಲು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು, ಕಂಕುಳಲ್ಲಿ ಒಂದು ಪೊಟ್ಟಣ ಅವಲಕ್ಕಿ. ಅವಳು ಮುಂದೆ ಮುಂದೆ ಹೋಗಿ ಬಂಡೆಯ ಮೇಲೆ ಕೂತು ಕಾಯುತ್ತಿದ್ದಳು. ನಾನು ಸದ್ದು ಮಾಡುತ್ತಾ, ಜಾರುತ್ತಾ, ಚೀಲ ಬೆನ್ನಿಗೆ ಗುದ್ದಿದಾಗಲೆಲ್ಲ ನಿಲ್ಲುತ್ತಾ ಬರುತ್ತಿದ್ದೆ. ಕಾಡು ಮುಗಿದು ಹುಲ್ಲುಗುಡ್ಡ ಶುರುವಾದಾಗ ಮಂಜು ಬಂತು. ಒಮ್ಮೆಗೇ ಎಲ್ಲ ಬೆಳ್ಳಗಾಯಿತು. ಚಿಕ್ಕಮ್ಮ ಕಾಣುತ್ತಿರಲಿಲ್ಲ, ಅವಳ ಬಳೆಯ ಸದ್ದು ಮಾತ್ರ ಎಲ್ಲೋ ಮೇಲಿನಿಂದ ಕೇಳುತ್ತಿತ್ತು. ನಾನು ನಿಂತುಬಿಟ್ಟೆ. ಕಾಲಿನ ಉರಿ ಮರೆತುಹೋಯಿತು. ಇನ್ನೊಂದು ಹೆಜ್ಜೆ ಇಟ್ಟರೆ ಹಿಮಾಲಯವೇ ಎನ್ನಿಸಿತು. ಆ ಹೊತ್ತು ಎಷ್ಟು ಉದ್ದವಿತ್ತೋ, ಯಾರೋ ನನ್ನನ್ನು ಕೈಹಿಡಿದು ಮಂಜಿನೊಳಗೆ ತೇಲಿಸಿದ ಹಾಗಿತ್ತು. ಆಮೇಲೆ ಗಾಳಿ ಬೀಸಿ ಎಲ್ಲ ಹರಿದು, ತುದಿಯ ಕಲ್ಲಿನ ಗುಡಿಯ ಮೆಟ್ಟಿಲ ಮೇಲೆ ಚಿಕ್ಕಮ್ಮ ಅವಲಕ್ಕಿ ತಿನ್ನುತ್ತಾ ಕೂತಿದ್ದು ಕಂಡಿತು.

ಇಳಿಯುವಾಗ ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತು. ಕುಂಟುತ್ತಾ ನಿಟ್ಟೂರು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಬಸ್ಸಿಗೆ ಹೊತ್ತಿತ್ತು. ಕೂರಲು ಇದ್ದದ್ದು ಒಂದೇ ಜಾಗ, ಆ ಚಾದಂಗಡಿಯ ಬೆಂಚು.

ಚಿಕ್ಕಮ್ಮ ಒಳಗೆ ಬರಲಿಲ್ಲ. ಹೊರಗೆ ಹಲಸಿನ ಮರದ ಕೆಳಗೆ ನಿಂತಳು. ಅಂಗಡಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬರು ಲೋಟ ತೊಳೆಯುತ್ತಿದ್ದರು. ನಡೆದು ಬಂದಾಗ ಎಡಗಾಲು ಸ್ವಲ್ಪ ಎಳೆದ ಹಾಗಿತ್ತು. ಅವರು ನನ್ನ ಮುಖ ನೋಡಲೇ ಇಲ್ಲ. ನನ್ನ ಕಾಲು ನೋಡಿದರು.

"ಬೂಟು ಬಿಚ್ಚಿ" ಎಂದರು. "ಒಂದೇ ಕಾಲುಚೀಲ ಹಾಕಿದ್ರಾ?"

ಹೌದೆಂದೆ.

"ಒಳಗೊಂದು ತೆಳು, ಹೊರಗೊಂದು ದಪ್ಪ. ಆವಾಗ ಚೀಲಕ್ಕೆ ಚೀಲ ಉಜ್ತದೆ, ಚರ್ಮಕ್ಕಲ್ಲ." ಬಿಸಿನೀರು, ಅರಿಸಿನ ತಂದಿಟ್ಟರು. ನಾನು ಯಾರೆಂದು ಆ ಮನೆಯವರಿಗೆ ಗೊತ್ತಾಗಿದೆಯೆಂದು, ಅವರ ತಾಯಿ ಒಳಗಿನಿಂದ ಬಂದು ಹೊರಗೆ ಮರದ ಕಡೆ ನೋಡಿ ಮತ್ತೆ ನನ್ನ ಕಡೆ ನೋಡಿದಾಗ ತಿಳಿಯಿತು. ಆ ತಾಯಿ ಒಂದು ಲೋಟ ಬೆಲ್ಲದ ಕಾಫಿ ಹಿಡಿದು ಮರದ ಬುಡಕ್ಕೆ ಹೋದರು. ಚಿಕ್ಕಮ್ಮ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡಳು.

ನಾನು ಕೋಟಿನ ವಿಷಯ ಕೇಳಿದೆ. ಎಲ್ಲಿಗೆ, ಯಾವಾಗ, ಎಷ್ಟು ದಿನ ಎಂದು ಅವರು ವಿಚಾರಿಸಿದರು. ಆಮೇಲೆ ಒಳಗೆ ಹೋಗಿ ಒಂದು ಹಸಿರು ಕೋಟು, ಒಂದು ಬೆನ್ನುಚೀಲ ತಂದರು. ಆ ಚೀಲಕ್ಕೆ ಸೈನ್ಯದಲ್ಲಿ ಪಿಟ್ಟು ಎನ್ನುತ್ತಾರಂತೆ. ಕೋಟಿನಿಂದ ಕರ್ಪೂರದ ವಾಸನೆ ಬಂತು.

"ಕೊಡ್ತೀನಿ. ಆದ್ರೆ ನಿಮ್ಮ ಗೋಣಿಚೀಲ ಮೊದ್ಲು ಬಿಚ್ಚಿ ತೋರ್ಸಿ."

ಬೆಂಚಿನ ಮೇಲೆ ಎಲ್ಲ ಹರಡಿದೆ. ಅವರು ಒಂದೊಂದನ್ನೂ ಎತ್ತಿ ತೂಗಿ ನೋಡಿದರು. ಎರಡು ಸೀರೆಯನ್ನೂ ಕನ್ನಡಿಯನ್ನೂ ಬದಿಗಿಟ್ಟರು. ಭಾರದ್ದು ಬೆನ್ನಿಗೆ ಒತ್ತಿ, ಹೆಗಲಿನ ಹತ್ತಿರ. ದಾರಿಯಲ್ಲಿ ಬೇಕಾದದ್ದು ಮೇಲೆ, ಗುಡಾರ ಸೇರಿದ ಮೇಲೆ ಬೇಕಾದದ್ದು ತಳದಲ್ಲಿ. ಒಂದು ಜೊತೆ ಒಣ ಕಾಲುಚೀಲ ಮೇಣದ ಬಟ್ಟೆಯಲ್ಲಿ ಸುತ್ತಿ ನಡುವೆ. ಅದು ಮಲಗುವಾಗ ಮಾತ್ರ, ಪ್ರಾಣ ಹೋದರೂ ಹಗಲು ತೆಗೆಯಬಾರದು. ಒದ್ದೆಯಾದದ್ದನ್ನು ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಒಣಗಿರುತ್ತದೆ.

ನಾನು ಕಟ್ಟಿದೆ. ಅವರು ಬಿಚ್ಚಿಸಿದರು. ಮತ್ತೆ ಕಟ್ಟಿದೆ.

"ಈಗ ಕಣ್ಣು ಮುಚ್ಚಿ. ಕೈಗವಸು ತೆಗೀರಿ."

ಕಣ್ಣು ಮುಚ್ಚಿ ಚೀಲದೊಳಗೆ ಕೈಹಾಕಿದೆ. ಉಣ್ಣೆ, ತಗಡಿನ ಲೋಟ, ಮೇಣದ ಬಟ್ಟೆಯ ನುಣುಪು. ಹೊರಗೆ ಎಲ್ಲೋ ಮರಕುಟಿಗದ ಸದ್ದು. ಕೈ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು, ನಾನು ಅದರ ಹಿಂದೆ ಹೋಗುತ್ತಿದ್ದೆ. ಕೈಗವಸು ಸಿಕ್ಕಿತು.

"ಟಾರ್ಚು."

ಸಿಕ್ಕಿತು.

"ಅಲ್ಲಿ ಬಿಳಿ ಗಾಳಿ ಏಳ್ತದೆ ಟೀಚರ್. ಕಣ್ಣಿದ್ರೂ ಇಲ್ದಂಗೆ. ಆವಾಗ ಕೈಗೆ ಗೊತ್ತಿರ್ಬೇಕು."

ಕಣ್ಣು ಮುಚ್ಚಿಕೊಂಡೇ ಇದ್ದದ್ದರಿಂದ ಧೈರ್ಯ ಬಂತೋ ಏನೋ. "ಅವತ್ತು ನಾವು ಒಂದು ಮಾತೂ ಹೇಳಿ ಕಳಿಸ್ಲಿಲ್ಲ. ತಪ್ಪಾಯ್ತು" ಎಂದೆ.

"ಹೌದು, ಹೇಳಿ ಕಳಿಸ್ಬೇಕಿತ್ತು" ಎಂದರು ಅವರು. ಸಿಟ್ಟಿನಿಂದಲ್ಲ. "ನಮ್ಮವ್ವ ಒಂದು ವರ್ಷ ಕಾದ್ಲು. ಈಗ ಕಣ್ಣು ಬಿಡಿ, ಬಸ್ಸು ಬಂತು."

ಬಸ್ಸಿನಲ್ಲಿ ಚಿಕ್ಕಮ್ಮ ತುಂಬಾ ಹೊತ್ತು ಕಿಟಕಿಗೆ ಹಣೆ ಕೊಟ್ಟು ಕೂತಿದ್ದಳು. ಕೊನೆಗೆ, "ಆ ಹೆಂಗ್ಸು ನಂಗೆ ಕಾಫಿ ಕೊಟ್ಲು ಕಣೇ" ಎಂದಳು. "ಬೈದಿದ್ರೆ ಚಲೋ ಇತ್ತು."

ಏಪ್ರಿಲ್ ಕೊನೆಗೆ ಹೊರಟೆ. ಶಿವಮೊಗ್ಗೆಯಿಂದ ರೈಲಿನ ಮೇಲೆ ರೈಲು. ಬಯಲು ಮುಗಿದು ತಣ್ಣನೆ ಗಾಳಿ ಬರುವ ಹೊತ್ತಿಗೆ ದಿನಗಳ ಲೆಕ್ಕ ತಪ್ಪಿತ್ತು. ಶಿಬಿರದಲ್ಲಿ ನಾವು ಇಪ್ಪತ್ತು ಜನ ಹೆಂಗಸರು. ಅಲ್ಲಿ ಕಲಿತದ್ದು, ಬಿದ್ದದ್ದು, ಎದ್ದದ್ದು ಬಹಳವಿದೆ. ಒಂದನ್ನು ಮಾತ್ರ ಹೇಳುತ್ತೇನೆ. ಮೇಲಿನ ಕ್ಯಾಂಪಿಗೆ ಹೋಗುವ ದಿನ ಹೊಳೆ ದಾಟುವಾಗ ಸೊಂಟದವರೆಗೆ ನೆನೆದೆವು. ಸಂಜೆ ಗುಡಾರದಲ್ಲಿ ಎಲ್ಲರೂ ಒದ್ದೆ ಚೀಲ ಬುಡಮೇಲು ಮಾಡಿ ಹುಡುಕುತ್ತಿದ್ದರು. ನಾನು ನೋಡದೆಯೇ ಕೈಹಾಕಿ ಮೇಣದ ಬಟ್ಟೆಯ ಗಂಟನ್ನು ತೆಗೆದೆ. ಕಾಲುಚೀಲ ಬೆಚ್ಚಗೆ, ಒಣಗಿ ಇತ್ತು. ಮಾರನೆಯ ಬೆಳಿಗ್ಗೆ ಗುಡಾರದ ಬಾಯಿ ಸರಿಸಿದಾಗ ರಾತ್ರಿಯೆಲ್ಲ ಬಿದ್ದ ಹಿಮ ಎದುರಿಗಿತ್ತು. ಬೆಳ್ಳಗಿರಲಿಲ್ಲ. ಸೂರ್ಯ ಇನ್ನೂ ಮುಟ್ಟದ ಕಡೆ ಎಲ್ಲ ನೀಲಿ. ನೀಲಿ ಅಷ್ಟು ತಣ್ಣಗೆ, ಅಷ್ಟು ಹತ್ತಿರ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಉಸಿರು ಬಿಟ್ಟರೆ ಸದ್ದಾಗುತ್ತದೆಂದು ಹೆದರಿ ನಿಂತಿದ್ದೆ. ನಿಂತಲ್ಲೇ ಎಷ್ಟೋ ಹೊತ್ತು ನಿದ್ದೆಯೋ ಎಚ್ಚರವೋ ತಿಳಿಯದ ಹಾಗಿದ್ದೆ.

ಜೂನ್ ಎರಡನೆಯ ವಾರದಲ್ಲಿ ಕೋಟನ್ನೂ ಚೀಲವನ್ನೂ ಒಗೆದು ಒಣಗಿಸಿ ನಿಟ್ಟೂರಿಗೆ ಕೊಂಡುಹೋದೆ. ಚಿಕ್ಕಮ್ಮ ಈ ಸಲ ಒಳಗೆ ಬಂದು ಅವರ ತಾಯಿಯ ಪಕ್ಕದಲ್ಲಿ ಕೂತಳು. ಅಂಗಡಿಯವರು ಕೋಟಿನ ಗುಂಡಿಗಳನ್ನು ಎಣಿಸುವವರ ಹಾಗೆ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ, "ಬೆಳಿಗ್ಗೆ ಹೊತ್ತು ಹೆಂಗಿತ್ತು?" ಎಂದು ಕೇಳಿದರು.

"ನೀಲಿ" ಎಂದೆ.

ಅವರು ತಲೆಯೆತ್ತಿದರು. "ಅಲ್ವಾ? ನಾನು ಹೇಳಿದ್ರೆ ಇಲ್ಲಿ ಯಾರೂ ನಂಬ್ಲಿಲ್ಲ. ಹಿಮ ಬಿಳಿ ಅಲ್ವಾ ಮಾರಾಯ ಅಂದ್ರು. ಆಮೇಲೆ ನಾನು ಹೇಳಾದೇ ಬಿಟ್ಟೆ."

ಮತ್ತೆ ಅವರೇ ಮಾತಾಡಿದರು, ಒಲೆಯ ಮುಂದೆ ಕೂತು, ನನ್ನ ಕಡೆಯಲ್ಲ, ಬೆಂಕಿಯ ಕಡೆ ನೋಡುತ್ತಾ. ಯುದ್ಧದಿಂದ ಹಿಂದಕ್ಕೆ ನಡೆಯುತ್ತಾ ಬಂದ ದಿನಗಳು. ಜೊತೆಗಿದ್ದ ಒಬ್ಬ ಗೆಳೆಯ ಹಿಮದಲ್ಲಿ ಕೂತು, ಚಳಿಗೆ ಬುದ್ಧಿ ಮಂಕಾಗಿ, ಸೆಕೆಯಾಗುತ್ತಿದೆ ಎಂದು ನಗುತ್ತಾ ಗುಂಡಿ ಬಿಚ್ಚಿಕೊಂಡದ್ದು. ಅವನನ್ನು ಎಬ್ಬಿಸಲು ಒದ್ದದ್ದು, ಬೈದದ್ದು, ಎತ್ತಿ ಹೊತ್ತದ್ದು, ಆಮೇಲೆ ಇಳಿಸಿದ್ದು. ಇಳಿಸಿದ ಜಾಗದಲ್ಲಿ ಎರಡು ಬಂಡೆ ಇದ್ದವಂತೆ. ಆ ಬಂಡೆಗಳ ಆಕಾರವನ್ನು ಕೈಯಲ್ಲಿ ಮಾಡಿ ತೋರಿಸಿದರು. ಅವರ ತಾಯಿ ಇದನ್ನೆಲ್ಲ ಕೇಳಿದ್ದು ಅದೇ ಮೊದಲ ಸಲವೆಂದು ಆ ತಾಯಿಯ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಾಲು ಉಕ್ಕಿ ಒಲೆಗೆ ಬಿತ್ತು. ಯಾರೂ ಏಳಲಿಲ್ಲ. ಬಸ್ಸು ಬಂದು ಹಾರನ್ ಹೊಡೆದು ಹೋಯಿತು. ನಾವು ಹೊರಡಲಿಲ್ಲ.

ನಮ್ಮನ್ನು ಕಳಿಸಲು ಹೊರಗೆ ಬಂದ ಆ ತಾಯಿ ನನ್ನ ಕೈ ಹಿಡಿದುಕೊಂಡು, "ಇವ್ನು ಮನೆಗೆ ಬಂದು ಎರಡು ವರ್ಷಕ್ಕೆ ಬಂತು ಅಂದ್ಕೊಂಡಿದ್ದೆ. ಇವತ್ತು ಬಂದ ನೋಡು" ಎಂದರು.

ಮತ್ತೊಮ್ಮೆ ಸಂಬಂಧದ ಮಾತು ಎದ್ದಿತೇ ಎಂದು ಕೇಳುವವರಿದ್ದಾರೆ. ಚಿಕ್ಕಮ್ಮನ ಮನಸ್ಸಿನಲ್ಲಿ ಇತ್ತು. ನನ್ನ ಮನಸ್ಸಿನಲ್ಲೂ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಷ್ಟರಲ್ಲಿ ಹುಲಿಕಲ್ಲಿನ ಕಡೆಯ ಒಂದು ಹುಡುಗಿಯ ಜೊತೆ ಅವರಿಗೆ ಗಟ್ಟಿಯಾಗಿತ್ತು. ಕಾಲಿನ ಸಂಗತಿ ತಿಳಿದೇ ಒಪ್ಪಿದವಳು. ಆ ಮದುವೆಗೆ ನಾನೂ ಚಿಕ್ಕಮ್ಮನೂ ಹೋಗಿದ್ದೆವು. ಚಿಕ್ಕಮ್ಮ ಹಿಂದಿನ ದಿನವೇ ಹೋಗಿ ಅಡಿಗೆಗೆ ನಿಂತಳು. ಮುಂದೆ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಪ್ರತಿ ವರ್ಷ ದೊಡ್ಡ ತರಗತಿಯ ಹುಡುಗಿಯರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಕೆಲವೊಮ್ಮೆ ಕೊಡಚಾದ್ರಿಗೆ, ಕೆಲವೊಮ್ಮೆ ಆಗುಂಬೆಯ ಕಡೆಗೆ. ನಿಟ್ಟೂರಿನ ಮೇಲೆ ಹೋದರೆ ಅವರ ಹೆಂಡತಿ ಹುಡುಗಿಯರಿಗೆಲ್ಲ ಮಜ್ಜಿಗೆ ಕೊಟ್ಟು, ತನ್ನ ಗಂಡನನ್ನು ಕರೆದು, "ಬನ್ನಿ, ನಿಮ್ಮ ಜನ ಬಂದ್ರು" ಎನ್ನುತ್ತಿದ್ದಳು. ಅವರು ಕೈ ಒರೆಸಿಕೊಳ್ಳುತ್ತಾ ಬಂದು, ಮೊದಲು ಹುಡುಗಿಯರ ಹೆಸರು ಕೇಳುತ್ತಿದ್ದರು, ಕಾಲು ನೋಡುತ್ತಿದ್ದದ್ದು ಆಮೇಲೆ.